ಮಕ್ಕಳ ವಿಡಿಯೊ ಗೇಮ್: ಪ್ಲಗ್ ಕೀಳುವ ಮೊದಲು ಮಾಡಬೇಕಾದ ಎಂಟು ಕೆಲಸ

ಮಗನಿಗೆ ಆಗ ಹನ್ನೊಂದು. ಊಟಕ್ಕೆ ಮೂರು ಸಲ ಕೂಗಿದ್ದೆ. ‘ಬಂದೆ, ಬಂದೆ’ ಅನ್ನುತ್ತಿದ್ದನೇ ಹೊರತು ಕುರ್ಚಿ ಬಿಟ್ಟು ಏಳಲಿಲ್ಲ. ಸಿಟ್ಟು ನೆತ್ತಿಗೇರಿ, ಹೋಗಿ ವೈ-ಫೈ ಪ್ಲಗ್ಗನ್ನೇ ಕಿತ್ತೆ. ಅರಚಾಡುತ್ತಾನೆ ಅಂದುಕೊಂಡಿದ್ದೆ. ಅವನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ‘ನಾವು ನಾಲ್ಕು ಜನ ಒಂದು ಟೀಮ್ ಅಪ್ಪ. ನಾನು ಮಾಯ ಆದ್ರೆ ಉಳಿದ ಮೂವರೂ ಸೋಲ್ತಾರೆ. ಇನ್ನೈದೇ ನಿಮಿಷ ಇತ್ತು’ ಅಂದ. ಮರುದಿನ ಆ ಮೂವರಲ್ಲಿ ಇಬ್ಬರು ಶಾಲೆಯಲ್ಲಿ ಅವನ ಜೊತೆ ಮಾತೇ ಆಡಲಿಲ್ಲವಂತೆ. ಕರೆದಾಗ ಊಟಕ್ಕೆ ಬಾರದೆ ಇದ್ದದ್ದು ಅವನ ತಪ್ಪೇ. ಆದರೆ ಆ ಆಟವನ್ನು ನಡುವೆ ನಿಲ್ಲಿಸಲು ಬರುವುದಿಲ್ಲ ಎಂಬ ಸಣ್ಣ ಸಂಗತಿಯೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ನಿಯಮ ಮಾಡಿ ಕೂತಿದ್ದೆ.

‘ದಿನಕ್ಕೆ ಎಷ್ಟು ಹೊತ್ತು ಬಿಡಬಹುದು?’ ಎಂದು ಎಲ್ಲ ಅಪ್ಪ-ಅಮ್ಮಂದಿರೂ ಮೊದಲು ಕೇಳುತ್ತಾರೆ. ನಾನೂ ಅದನ್ನೇ ಕೇಳುತ್ತಿದ್ದೆ. ಈಗ ಆ ಪ್ರಶ್ನೆಯನ್ನು ಆರನೆಯ ಹೆಜ್ಜೆಗೆ ತಳ್ಳಿದ್ದೇನೆ. ಮಗು ಆಡುವ ಆಟ ಹೇಗೆ ಶುರುವಾಗಿ ಹೇಗೆ ಮುಗಿಯುತ್ತದೆ, ಅದರೊಳಗೆ ದುಡ್ಡು ಎಲ್ಲಿದೆ, ಬೇರೆ ಮನುಷ್ಯರು ಎಲ್ಲಿದ್ದಾರೆ ಎಂಬುದು ತಿಳಿಯದೆ ಗಡಿಯಾರ ಹಿಡಿದು ಕೂತರೆ ಮನೆಯಲ್ಲಿ ಜಗಳವೊಂದೇ ಉಳಿಯುತ್ತದೆ. ಕೆಳಗಿನ ಕ್ರಮವನ್ನು ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಅದಕ್ಕಿಂತ ಚಿಕ್ಕವರ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿಬಿಟ್ಟಿದೆ: ಎರಡು ವರ್ಷ ತುಂಬುವವರೆಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

ಹೆಜ್ಜೆ 1: ಒಂದು ವಾರ ಪಕ್ಕದಲ್ಲಿ ಕೂತು ನೋಡಿ

ಈ ವಾರ ಯಾವ ಹೊಸ ನಿಯಮವನ್ನೂ ತರಬೇಡಿ. ದಿನಕ್ಕೆ ಇಪ್ಪತ್ತು ನಿಮಿಷ ಮಗುವಿನ ಪಕ್ಕ ಕೂತು ಪರದೆ ನೋಡಿ. ನಿಮ್ಮ ಕೈಯಲ್ಲಿ ಫೋನ್ ಇರಕೂಡದು, ಬಾಯಲ್ಲಿ ಬುದ್ಧಿಮಾತು ಇರಕೂಡದು. ಎರಡನೆಯದೋ ಮೂರನೆಯದೋ ದಿನ ‘ನಂಗೂ ಸ್ವಲ್ಪ ಕಲಿಸು’ ಎಂದು ಕಂಟ್ರೋಲರ್ ಕೇಳಿ. ದೊಡ್ಡವರು ಸೋಲುವುದನ್ನು ನೋಡುವಷ್ಟು ಖುಷಿ ಮಕ್ಕಳಿಗೆ ಇನ್ನೊಂದಿಲ್ಲ. ಆ ಖುಷಿಯಲ್ಲಿ ಕೇಳದೆಯೇ ಎಲ್ಲ ಹೇಳಿಬಿಡುತ್ತಾರೆ.

ನನಗೆ ಮೊದಲ ಪಾಠ ಆದದ್ದು ಚೌಕ ಇಟ್ಟಿಗೆ ಜೋಡಿಸಿ ಕಟ್ಟುವ ಆಟವಾದ ಮೈನ್‌ಕ್ರಾಫ್ಟ್‌ನಲ್ಲಿ. ಹುಲ್ಲುಗಾವಲಿನಲ್ಲಿ ನಿಂತು ಸೂರ್ಯಾಸ್ತ ನೋಡುತ್ತಿದ್ದೆ. ಸೂರ್ಯನೂ ಚೌಕ ಅಲ್ಲಿ. ‘ಅಪ್ಪ, ಕತ್ತಲಾಗ್ತಿದೆ, ಬೇಗ ಮನೆ ಕಟ್ಟು’ ಎಂದು ಪಕ್ಕದಿಂದ ಎಚ್ಚರಿಕೆ ಬಂತು. ಕಟ್ಟುವುದು ಹೇಗೆ ಎಂದು ಕೇಳುವಷ್ಟರಲ್ಲಿ ಕ್ರೀಪರ್ ಎಂಬ ಹಸಿರು ಬಣ್ಣದ ರಾಕ್ಷಸ ಸದ್ದಿಲ್ಲದೆ ಹಿಂದಿನಿಂದ ಬಂದು, ಬುಸ್ಸೆಂದು ಸಿಡಿದು, ನಾನು ಸತ್ತೆ. ಮಗ ಬಿದ್ದು ಬಿದ್ದು ನಕ್ಕ. ಆಮೇಲೆ ಮೇಷ್ಟರ ಹಾಗೆ ಕಲಿಸಲು ಕೂತ. ಒಂದು ದಿಮ್ಮಿಗೆ ನಾಲ್ಕು ಹಲಗೆ. ಕೆಲಸದ ಮೇಜಿಗೆ ನಾಲ್ಕು ಹಲಗೆ ಬೇಕು. ಎರಡು ಹಲಗೆ ಕೊಟ್ಟರೆ ನಾಲ್ಕು ಕಡ್ಡಿ ಸಿಗುತ್ತವೆ. ಪಿಕಾಸಿಗೆ ಮೂರು ಹಲಗೆ, ಎರಡು ಕಡ್ಡಿ. ‘ಹಾಗಾದ್ರೆ ಮೊದಲ ಪಿಕಾಸಿಗೆ ಒಟ್ಟು ಎಷ್ಟು ದಿಮ್ಮಿ ಕಡೀಬೇಕು?’ ಅಂದೆ. ‘ಮೂರು. ಮೂರು ಹಲಗೆ, ಎರಡು ಕಡ್ಡಿ ಮಿಗುತ್ತೆ’ ಅಂದ, ಪರದೆಯಿಂದ ಕಣ್ಣು ತೆಗೆಯದೆ. ಹಿಂದಿನ ದಿನವಷ್ಟೇ ಭಾಗಾಕಾರದ ಹೋಮ್‌ವರ್ಕ್ ಎದುರು ಅರ್ಧ ಗಂಟೆ ಆಕಳಿಸಿದ್ದವನು ಇವನೇ.

ವಾರ ಮುಗಿಯುವಷ್ಟರಲ್ಲಿ ಒಂದು ಹಾಳೆಯ ಮೇಲೆ ಇವಿಷ್ಟಕ್ಕೆ ಉತ್ತರ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಹೆಜ್ಜೆಗಳಿಗೂ ಈ ಹಾಳೆ ಬೇಕು.

- ಆಟವನ್ನು ನಡುವೆ ನಿಲ್ಲಿಸಬಹುದೇ? ಇಲ್ಲವಾದರೆ ಒಂದು ಮ್ಯಾಚ್ ಅಥವಾ ಲೆವೆಲ್ ಎಷ್ಟು ನಿಮಿಷದ್ದು?
- ದುಡ್ಡು, ಕಾಯಿನ್, ಜೆಮ್ಸ್ ಎಂದು ಕೇಳುವ ಪುಟ ಎಷ್ಟು ಸಲ ಎದುರಾಯಿತು?
- ಹೆಡ್‌ಫೋನಿನಲ್ಲಿ ಯಾರ ದನಿ ಕೇಳುತ್ತದೆ? ಅವರು ಮಗುವಿಗೆ ಎದುರಾ ಎದುರು ಗೊತ್ತಿರುವವರೇ?
- ಆಟ ಬಿಟ್ಟು ಎದ್ದಾಗ ಮಗುವಿನ ಮುಖ ಹೇಗಿರುತ್ತದೆ? ಗೆಲುವಾಗಿದೆಯೇ, ಜೋಲು ಬಿದ್ದಿದೆಯೇ, ಸಿಡಿಮಿಡಿಯೇ?

ಕೊನೆಯದನ್ನು ಸಣ್ಣದೆಂದು ಬಿಡಬೇಡಿ. ನನ್ನ ಮಗ ಕಟ್ಟುವ ಆಟ ಆಡಿ ಎದ್ದರೆ ಮನೆಯವರಿಗೆಲ್ಲ ವರದಿ ಒಪ್ಪಿಸುತ್ತಾನೆ. ಒಂದು ನಿರ್ದಿಷ್ಟ ಮೊಬೈಲ್ ಆಟ ಆಡಿ ಎದ್ದ ದಿನ ಮಾತ್ರ ಕಾರಣವಿಲ್ಲದೆ ತಂಗಿಯ ಮೇಲೆ ಎಗರುತ್ತಿದ್ದ.

ಹೆಜ್ಜೆ 2: ಯಾವ ಆಟದಿಂದ ಏನು ಸಿಗುತ್ತಿದೆ ಎಂದು ವಿಂಗಡಿಸಿ

ಕಟ್ಟುವ ಆಟ, ಒಗಟು ಬಿಡಿಸುವ ಆಟ, ಓಡುತ್ತಾ ಗುಂಡು ಹಾರಿಸುವ ಆಟ, ಟೀಮ್ ಕಟ್ಟಿಕೊಂಡು ಆಡುವ ಆಟ, ಸುಮ್ಮನೆ ಬೆರಳಿನಿಂದ ತಟ್ಟುತ್ತಾ ಬಹುಮಾನ ಬಾಚುವ ಆಟ. ಇವೆಲ್ಲವನ್ನೂ ‘ಗೇಮ್’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಲಾಭವೂ ಕಾಣುವುದಿಲ್ಲ, ಅಪಾಯವೂ ಕಾಣುವುದಿಲ್ಲ.

ಲಾಭ ನಿಜವಾಗಿಯೂ ಇದೆಯೇ? ಇದೆ, ಆದರೆ ಜಾಹೀರಾತಿನವರು ಹೇಳುವಷ್ಟಿಲ್ಲ. 2003ರಲ್ಲಿ ಶಾನ್ ಗ್ರೀನ್ ಮತ್ತು ಡ್ಯಾಫ್ನಿ ಬವೆಲಿಯೆ ಎಂಬ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಆ್ಯಕ್ಷನ್ ಆಟ ಆಡುವ ರೂಢಿಯಿಲ್ಲದವರಿಗೆ ದಿನಕ್ಕೆ ಒಂದು ಗಂಟೆಯಂತೆ ಹತ್ತು ದಿನ ಅಂಥ ಆಟ ಆಡಿಸಿದಾಗ, ಮೇಲಿಂದ ಬೀಳುವ ತುಂಡು ಜೋಡಿಸುವ ಟೆಟ್ರಿಸ್ ಆಡಿದವರಿಗಿಂತ ಅವರ ಕಣ್ಣಿನ ಗಮನ ಚುರುಕಾಯಿತು. ನೋಟದ ಅಂಚಿನಲ್ಲಿ ಮಿಂಚಿ ಮಾಯವಾಗುವುದನ್ನು ಅವರು ಬೇಗ ಹಿಡಿಯುತ್ತಿದ್ದರು. ಇಲ್ಲಿ ಎರಡು ವಿಷಯ ಮರೆಯಬಾರದು. ಅವರು ಯುವಜನ, ಮಕ್ಕಳಲ್ಲ. ಇನ್ನೊಂದು, ಕಣ್ಣಿನ ಚುರುಕು ಬೇರೆ, ಒಂದು ಗಂಟೆ ಕೂತು ಪಾಠ ಓದುವ ತಾಳ್ಮೆ ಬೇರೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2020ರಲ್ಲಿ ಎಂಟರಿಂದ ಹನ್ನೆರಡು ವರ್ಷದ, ಗಮನ ನಿಲ್ಲದೆ ಚಡಪಡಿಸುವ ತೊಂದರೆ ಇರುವ, ಅಂದರೆ ಎಡಿಎಚ್‌ಡಿ ಮಕ್ಕಳಿಗೆ ವೈದ್ಯರ ಚೀಟಿಯ ಮೇಲೆ ಕೊಡುವ ಒಂದು ಆಟಕ್ಕೆ ಅನುಮತಿ ಕೊಟ್ಟದ್ದೂ ಉಂಟು. ಅದು ಆ ಕೆಲಸಕ್ಕೆಂದೇ ತಯಾರಾದ ಆಟ; ಅಂಗಡಿಯ ಆಟಗಳಿಗೆಲ್ಲ ಅದನ್ನು ಸರ್ಟಿಫಿಕೇಟ್ ಮಾಡಿಕೊಳ್ಳುವಂತಿಲ್ಲ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಬ್ರಿಟನ್ನಿನ ಹತ್ತರಿಂದ ಹದಿನೈದು ವರ್ಷದ ಸುಮಾರು 5,000 ಮಕ್ಕಳ ಮಾಹಿತಿ ಇಟ್ಟುಕೊಂಡು 2014ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಹೆಚ್ಚು ಹಿಡಿಸಿತು. ದಿನಕ್ಕೆ ಒಂದು ಗಂಟೆಗಿಂತ ಕಡಿಮೆ ಆಡುವ ಮಕ್ಕಳು, ಆಡದೇ ಇರುವ ಮಕ್ಕಳಿಗಿಂತ ಒಂಚೂರು ಹೆಚ್ಚು ಹೊಂದಿಕೊಂಡು ನೆಮ್ಮದಿಯಾಗಿದ್ದರು. ಒಂದರಿಂದ ಮೂರು ಗಂಟೆ ಆಡುವವರಲ್ಲಿ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಮೂರು ಗಂಟೆ ದಾಟಿದವರಲ್ಲಿ ಸ್ಥಿತಿ ಕೆಟ್ಟಿತ್ತು. ಎರಡೂ ಕಡೆ ವ್ಯತ್ಯಾಸ ಸಣ್ಣದೇ. ಆಟದಿಂದ ಹಾಗಾಯಿತೋ, ನೆಮ್ಮದಿ ಇಲ್ಲದ ಮಕ್ಕಳೇ ಹೆಚ್ಚು ಆಡುತ್ತಾರೋ ಎಂದು ಇಂಥ ಅಧ್ಯಯನ ಬಿಡಿಸಿ ಹೇಳಲಾರದು.

ಇನ್ನು ಹೊಡೆದಾಟದ ಆಟಗಳು. ‘ಇವನ್ನಾಡಿ ಮಕ್ಕಳು ಕೊಲೆಗಡುಕರಾಗುತ್ತಾರೆ’ ಎಂಬ ಭಯಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದು ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ಸ್ಪಷ್ಟವಾಗಿ ಹೇಳಿತು. ಕೂಗಾಡುವುದು, ತಳ್ಳಾಡುವುದು ಮುಂತಾದ ಸಣ್ಣ ಮಟ್ಟದ ಆಕ್ರಮಣಶೀಲತೆಗೂ ಈ ಆಟಗಳಿಗೂ ಅಲ್ಪ ನಂಟಿದೆ ಎಂದೂ ಅದೇ ಹೇಳಿಕೆಯಲ್ಲಿದೆ. ಹಾಗಾಗಿ ಎಂಟು ವರ್ಷದವನ ಎದುರು ರಕ್ತ ಚಿಮ್ಮುವ ಆಟ ಇಡುವುದು ಬೇಡ. ಹದಿನಾಲ್ಕು ವರ್ಷದವಳು ಬಣ್ಣದ ಗುಂಡು ಹಾರಿಸುವ ಆಟ ಆಡಿದಳೆಂದು ನಿದ್ದೆ ಕೆಡಿಸಿಕೊಳ್ಳುವುದೂ ಬೇಡ.

ನನಗೆ ಗುಂಡಿನ ಆಟಕ್ಕಿಂತ ಹೆಚ್ಚು ಅನುಮಾನ ಇರುವುದು ಮುದ್ದುಮುದ್ದಾಗಿ ಕಾಣುವ, ಬೆರಳಿನಿಂದ ತಟ್ಟುವ ಆಟಗಳ ಮೇಲೆ. ಐದು ಜೀವ ಕೊಡುತ್ತವೆ, ಮುಗಿದರೆ ಅರ್ಧ ಗಂಟೆಗೊಂದು ಜೀವ ಮರಳುತ್ತದೆ. ಅಂದರೆ ಮಗು ಆಟ ಬಿಟ್ಟಿದ್ದರೂ ತಲೆಯೊಳಗೆ ಗಡಿಯಾರ ಓಡುತ್ತಿರುತ್ತದೆ. ದಿನಾ ಬಂದು ಹಾಜರಿ ಹಾಕಿದರೆ ಬಹುಮಾನ, ಒಂದು ದಿನ ತಪ್ಪಿದರೆ ಮೊದಲಿನಿಂದ ಶುರು. ಪೆಟ್ಟಿಗೆ ತೆರೆದರೆ ಒಮ್ಮೆ ಏನೂ ಇಲ್ಲ, ಒಮ್ಮೆ ಭಾರಿ ಬಹುಮಾನ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಬಹುಮಾನಕ್ಕೆ ಪ್ರಾಣಿಗಳು ದಣಿವಿಲ್ಲದೆ ಮತ್ತೆ ಮತ್ತೆ ಪ್ರಯತ್ನಿಸುತ್ತವೆ ಎಂದು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳನ್ನಿಟ್ಟುಕೊಂಡು ಕಳೆದ ಶತಮಾನದಲ್ಲೇ ತೋರಿಸಿದ್ದರು. ಮನೆಯಲ್ಲಿ ಆಟ ಕಡಿಮೆ ಮಾಡಬೇಕೆಂದಿದ್ದರೆ ಕತ್ತರಿ ಮೊದಲು ಇಲ್ಲಿಗೆ ಬೀಳಲಿ. ಮಗು ಕೂಡ ಇವಕ್ಕೆ ಹೆಚ್ಚು ಹಟ ಹಿಡಿಯುವುದಿಲ್ಲ. ಕಟ್ಟಿದ ಮನೆ ಹೋಯಿತೆಂದು ಅಳುವ ಮಗು, ತಟ್ಟಿದ ಜೆಮ್ಸ್ ಹೋಯಿತೆಂದು ಎರಡು ದಿನಕ್ಕಿಂತ ಹೆಚ್ಚು ಅಳುವುದನ್ನು ನಾನು ನೋಡಿಲ್ಲ.

ಎಂಟು ವರ್ಷ ದಾಟಿದ ಮಗು ಆಟದ ಹುಚ್ಚಿಗೆ ಬಿದ್ದಿದ್ದರೆ ಆಟ ತಯಾರಿಸುವ ಕಡೆಗೆ ಒಮ್ಮೆ ತಿರುಗಿಸಿ ನೋಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಬಿಟ್ಟ ಸ್ಕ್ರ್ಯಾಚ್ ಎಂಬ ತಂತ್ರಾಂಶ ಪೂರ್ತಿ ಉಚಿತ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಬೆಕ್ಕು ಓಡುತ್ತದೆ, ಚೆಂಡು ಪುಟಿಯುತ್ತದೆ. ತಾನೇ ಒಂದು ಆಟ ಮಾಡಿದ ಮಗುವಿಗೆ ಬೇರೆಯವರ ಆಟ ತನ್ನನ್ನು ಹೇಗೆ ಹಿಡಿದಿಡುತ್ತಿದೆ ಎಂಬುದು ತಾನಾಗಿ ಕಾಣತೊಡಗುತ್ತದೆ.

ಹೆಜ್ಜೆ 3: ವಯಸ್ಸಿನ ಗುರುತು ಓದಿ

ಡಬ್ಬಿಯ ಮೇಲೆ ಅಥವಾ ಆ್ಯಪ್ ಪುಟದಲ್ಲಿ ಒಂದು ಚೌಕದ ಗುರುತು ಇರುತ್ತದೆ. ಯುರೋಪಿನ ಪೆಗಿ ಪದ್ಧತಿ 2003ರದ್ದು. ಅದರಲ್ಲಿ 3, 7, 12, 16, 18 ಎಂದು ನೇರವಾಗಿ ವಯಸ್ಸೇ ಬರೆದಿರುತ್ತದೆ. ಅಮೆರಿಕದ ಇಎಸ್‌ಆರ್‌ಬಿ 1994ರಿಂದ ಇದೆ. ಅದರಲ್ಲಿ ‘ಇ’ ಎಂದರೆ ಎಲ್ಲರಿಗೂ, ‘ಟಿ’ ಎಂದರೆ 13 ದಾಟಿದವರಿಗೆ, ‘ಎಂ’ ಎಂದರೆ 17 ದಾಟಿದವರಿಗೆ. ಈ ಗುರುತು ಆಟದ ಕಷ್ಟ-ಸುಲಭ ಹೇಳುವುದಿಲ್ಲ. ಚೆಸ್ ಆಟಕ್ಕೂ 3 ಎಂದೇ ಬಂದೀತು, ಮೂರು ವರ್ಷದ ಮಗು ಅದನ್ನು ಆಡಲಾರದು. ಹಿಂಸೆ, ಬೈಗುಳ, ಜೂಜಿನ ಛಾಯೆ ಮುಂತಾದವು ಎಷ್ಟಿವೆ ಎಂಬುದು ಅದರ ಲೆಕ್ಕ. ಆಟದೊಳಗೆ ಖರೀದಿ ಇದೆಯೇ ಎಂಬ ಸಾಲನ್ನೂ ಅಲ್ಲೇ ಕೆಳಗೆ ಹುಡುಕಿ ಓದಿ. ಆನ್‌ಲೈನಿನಲ್ಲಿ ಎದುರಾಗುವ ಜನ ಏನು ಮಾತಾಡುತ್ತಾರೆ ಎಂಬುದಕ್ಕೆ ಮಾತ್ರ ಯಾವ ಗುರುತೂ ಜವಾಬ್ದಾರಿ ಹೊರುವುದಿಲ್ಲ.

ಗುರುತು ನೋಡಿ ತೃಪ್ತಿಯಾಗದಿದ್ದರೆ ಯಾರಾದರೂ ಆ ಆಟ ಆಡುತ್ತಿರುವ ವಿಡಿಯೊವನ್ನು ಹತ್ತು ನಿಮಿಷ ನೋಡಿ. ನೂರು ವಿಮರ್ಶೆ ಓದುವುದಕ್ಕಿಂತ ವಾಸಿ.

ಹೆಜ್ಜೆ 4: ಹುಟ್ಟಿದ ವರ್ಷ ಸರಿ ಮಾಡಿ, ದುಡ್ಡಿನ ಬಾಗಿಲು ಮುಚ್ಚಿ

ಒಂದು ಸಂಜೆ ಬಿಡುವು ಮಾಡಿಕೊಂಡು ಇದನ್ನು ಪೂರ್ತಿ ಮುಗಿಸಿ. ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಕೆಲಸದಲ್ಲಿದ್ದಾಗ ಬ್ಯಾಂಕಿನಿಂದ ಸಾಲಾಗಿ ಏಳು ಮೆಸೇಜ್ ಬಂದವು. ಕಳ್ಳರ ಕೈಗೆ ಕಾರ್ಡ್ ಸಿಕ್ಕಿತೆಂದು ಗಾಬರಿಯಿಂದ ಮನೆಗೆ ಓಡಿ ಬಂದೆ. ಮಗ ಅಷ್ಟೇ ಪ್ರಾಮಾಣಿಕವಾಗಿ ಹೇಳಿದ: ‘ನಾನು ದುಡ್ಡು ಖರ್ಚು ಮಾಡಿಲ್ಲ ಅಪ್ಪ, ಜೆಮ್ಸ್ ಮಾತ್ರ ಖರ್ಚು ಮಾಡಿದೆ.’ ಆಟದವರು ನೇರವಾಗಿ ದುಡ್ಡಿಗೆ ವಸ್ತು ಮಾರದೆ ನಡುವೆ ಜೆಮ್ಸ್, ಕಾಯಿನ್ ಎಂದು ಇಟ್ಟಿರುವುದು ಏಕೆಂದು ಆ ಒಂದು ವಾಕ್ಯದಲ್ಲಿ ಅರ್ಥವಾಯಿತು. ದೊಡ್ಡವರಿಗೇ ಲೆಕ್ಕ ತಪ್ಪುತ್ತದೆ, ಮಕ್ಕಳ ಮಾತೇನು.

ಕೆಲಸಗಳು ಇಷ್ಟು:

1. ಮಗುವಿನ ಖಾತೆಯಲ್ಲಿ ಹುಟ್ಟಿದ ವರ್ಷ ನೋಡಿ. ಅನೇಕ ಕಡೆ ಹದಿಮೂರು ತುಂಬದವರಿಗೆ ಕಟ್ಟುಪಾಡು ಇರುವುದರಿಂದ ಮಕ್ಕಳು ವಯಸ್ಸು ಹೆಚ್ಚಿಸಿ ಹಾಕಿರುತ್ತಾರೆ, ಎಷ್ಟೋ ಸಲ ನಾವೇ ಅವಸರದಲ್ಲಿ ಹಾಕಿಕೊಟ್ಟಿರುತ್ತೇವೆ. ಹತ್ತು ವರ್ಷದವಳು ಖಾತೆಯಲ್ಲಿ ಇಪ್ಪತ್ತೆರಡರವಳಾಗಿದ್ದರೆ ಮಕ್ಕಳಿಗೆಂದು ಇಟ್ಟ ರಕ್ಷಣೆಯೆಲ್ಲ ತಾನಾಗಿ ಕಳಚಿ ಬೀಳುತ್ತದೆ.
2. ಫೋನ್, ಟ್ಯಾಬ್, ಟಿವಿಗೆ ಜೋಡಿಸುವ ಗೇಮ್ ಕನ್ಸೋಲ್‌ನಲ್ಲಿ ಉಳಿದಿರುವ ಕಾರ್ಡ್ ವಿವರ ಅಳಿಸಿ. ಕೊಡಬೇಕೆನಿಸಿದಾಗ ಗಿಫ್ಟ್ ಕಾರ್ಡ್ ಕೊಟ್ಟರೆ ಅದರಲ್ಲಿದ್ದಷ್ಟೇ ಹೋಗುತ್ತದೆ.
3. ಆ್ಯಂಡ್ರಾಯ್ಡ್‌ನಲ್ಲಿ ಫ್ಯಾಮಿಲಿ ಲಿಂಕ್, ಐಫೋನ್-ಐಪ್ಯಾಡ್‌ನಲ್ಲಿ ಸ್ಕ್ರೀನ್ ಟೈಮ್, ಕನ್ಸೋಲ್‌ಗಳಲ್ಲಿ ಪೇರೆಂಟಲ್ ಕಂಟ್ರೋಲ್ಸ್ ತೆರೆದು, ಪ್ರತಿ ಖರೀದಿಗೂ ನಿಮ್ಮ ಒಪ್ಪಿಗೆ ಬೇಕು ಎಂದು ಆರಿಸಿ.
4. ಪಿನ್ ಆಗಿ ನಿಮ್ಮ ಹುಟ್ಟುಹಬ್ಬ ಬೇಡ. ಮಕ್ಕಳು ಮೊದಲು ಒತ್ತಿ ನೋಡುವುದೇ ಅದನ್ನು.
5. ಅಕಸ್ಮಾತ್ ದುಡ್ಡು ಹೋಗಿದ್ದರೆ ಅಂದೇ ರಿಫಂಡ್ ಕೇಳಿ. ಗೂಗಲ್ ಪ್ಲೇಯಲ್ಲಿ 48 ಗಂಟೆಯೊಳಗೆ ಕೇಳಿದರೆ ದಾರಿ ಸುಲಭ.

ಲೂಟ್ ಬಾಕ್ಸ್ ಬಗ್ಗೆ ಮಗುವಿನ ಜೊತೆ ಬೇರೆಯಾಗಿಯೇ ಮಾತಾಡಬೇಕು. ಒಳಗೇನಿದೆ ಎಂದು ತಿಳಿಯದೆ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆ ಅದು. ಬೆಲ್ಜಿಯಂ 2018ರಲ್ಲಿ ದುಡ್ಡು ಕೊಟ್ಟು ಕೊಳ್ಳುವ ಇಂಥ ಪೆಟ್ಟಿಗೆಗಳು ಜೂಜೇ ಎಂದು ತೀರ್ಮಾನಿಸಿತು. ಫೋರ್ಟ್‌ನೈಟ್ ತಯಾರಿಸುವ ಎಪಿಕ್ ಗೇಮ್ಸ್, ಗೊಂದಲ ಹುಟ್ಟಿಸುವ ಬಟನ್‌ಗಳಿಂದ ಬೇಡದ ಖರೀದಿ ಮಾಡಿಸಿತೆಂಬ ಆರೋಪದಲ್ಲಿ ಗ್ರಾಹಕರಿಗೆ ಮರಳಿಸಲು 24.5 ಕೋಟಿ ಡಾಲರ್ ಕೊಡಲು 2022ರಲ್ಲಿ ಅಮೆರಿಕ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಇದನ್ನು ಮಕ್ಕಳಿಗೆ ಹೇಳಿದರೆ ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಾರೆ. ತಮಗೆ ಯಾರೋ ಟೋಪಿ ಹಾಕುತ್ತಿದ್ದಾರೆ ಎಂಬ ಸಿಟ್ಟು ನಮ್ಮ ಉಪದೇಶಕ್ಕಿಂತ ಬೇಗ ನಾಟುತ್ತದೆ.

ಹೆಜ್ಜೆ 5: ಮೈಕ್‌ನ ಆಚೆ ಇರುವವರು ಯಾರು

ಹನ್ನೆರಡರ ಒಳಗಿನ ಮಕ್ಕಳಿಗೆ ಚಾಟ್ ಪೂರ್ತಿ ಮುಚ್ಚಿ, ಇಲ್ಲವೇ ಫ್ರೆಂಡ್ ಪಟ್ಟಿಯವರಿಗೆ ಮಾತ್ರ ತೆರೆಯಿರಿ. ಮುಖ ನೋಡಿ ಗೊತ್ತಿರುವವರಷ್ಟೇ ಆ ಪಟ್ಟಿಯಲ್ಲಿರಲಿ. ಸಂಜೆ ಕೂತು ಪಟ್ಟಿಯ ಒಂದೊಂದು ಹೆಸರಿಗೂ ‘ಇವರು ಯಾರು?’ ಎಂದು ಕೇಳಿ. ‘ಗೊತ್ತಿಲ್ಲ, ಚೆನ್ನಾಗಿ ಆಡ್ತಾರೆ’ ಎಂಬ ಉತ್ತರ ಬಂದರೆ ತೆಗೆಸಿ. ಖಾತೆಯ ಹೆಸರಿನಲ್ಲಿ ಮಗುವಿನ ನಿಜ ಹೆಸರು, ಹುಟ್ಟಿದ ವರ್ಷ, ಶಾಲೆಯ ಗುರುತು ಇರಬಾರದು. ಹೆಡ್‌ಫೋನ್ ಇಲ್ಲದೆ, ಸ್ಪೀಕರಿನಲ್ಲಿ ದನಿ ಕೇಳುವಂತೆ ಆಡುವುದು ಚಿಕ್ಕವರಿಗೆ ಒಳ್ಳೆಯ ರೂಢಿ. ಅಡುಗೆಮನೆಯಲ್ಲಿದ್ದರೂ ಮಾತಿನ ಧಾಟಿ ಕಿವಿಗೆ ಬೀಳುತ್ತಿರುತ್ತದೆ.

ಕೆಡುಕು ಬಯಸುವವರ ವರಸೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮೊದಲು ಆಟದಲ್ಲಿ ಸಹಾಯ, ಆಮೇಲೆ ಉಡುಗೊರೆಯಾಗಿ ಸ್ಕಿನ್ (ಆಟದ ಪಾತ್ರದ ವೇಷ) ಅಥವಾ ಕಾಯಿನ್, ಬಳಿಕ ‘ಇಲ್ಲಿ ಬೇಡ, ಬೇರೆ ಆ್ಯಪ್‌ನಲ್ಲಿ ಮಾತಾಡೋಣ’, ಕೊನೆಗೆ ‘ಮನೆಯಲ್ಲಿ ಹೇಳಬೇಡ, ಒಂದು ಫೋಟೊ ಕಳಿಸು’. ಮಗುವಿಗೆ ಈ ನಾಲ್ಕು ಮೆಟ್ಟಿಲನ್ನು ಹಾಗೆಯೇ ಕತೆಯಂತೆ ಹೇಳಿ. ‘ಅಪರಿಚಿತರ ಜೊತೆ ಮಾತಾಡಬೇಡ’ ಎಂದರೆ ಪ್ರಯೋಜನವಿಲ್ಲ, ಮೂರು ವಾರ ಜೊತೆಯಲ್ಲಿ ಆಡಿದವನು ಮಗುವಿನ ಕಣ್ಣಿಗೆ ಅಪರಿಚಿತನೇ ಅಲ್ಲ. ‘ಗುಟ್ಟಾಗಿಡು ಅಂತ ಯಾರಾದ್ರೂ ಅಂದ ತಕ್ಷಣ ಬಂದು ಹೇಳು’ ಎಂದರೆ ಅದಕ್ಕೆ ಹಿಡಿ ಸಿಗುತ್ತದೆ.

ಅಂಥದ್ದು ನಡೆದೇ ಬಿಟ್ಟರೆ ಮೊದಲು ಮೆಸೇಜ್‌ಗಳ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಅಳಿಸಬೇಡಿ. ನಂತರ ಬ್ಲಾಕ್, ಆಟದೊಳಗೆ ರಿಪೋರ್ಟ್, ಫೋಟೊ ಅಥವಾ ಬೆದರಿಕೆಯ ವಿಷಯವಾದರೆ ಪೊಲೀಸ್ ದೂರು. ಆ ಹೊತ್ತಿಗೆ ಮಗುವಿನಿಂದ ಆಟ ಕಿತ್ತುಕೊಳ್ಳುವ ಶಿಕ್ಷೆ ಮಾತ್ರ ಬೇಡ. ಹೇಳಿದ್ದಕ್ಕೆ ಶಿಕ್ಷೆಯಾದರೆ ಮುಂದಿನ ಸಲ ಹೇಳುವುದಿಲ್ಲ.

‘ಉಚಿತ ಕಾಯಿನ್ ಬೇಕಾ? ಪಾಸ್‌ವರ್ಡ್ ಹಾಕು’ ಎನ್ನುವ ಲಿಂಕ್‌ಗಳ ಬಗ್ಗೆಯೂ ಒಂದು ಮಾತು: ಅವೆಲ್ಲ ಖಾತೆ ಕದಿಯುವ ಬಲೆ. ಎಲ್ಲ ಖಾತೆಗೂ ಎರಡು ಹಂತದ ಲಾಗಿನ್ ಹಾಕಿ, ಒಟಿಪಿ ನಿಮ್ಮ ಫೋನಿಗೆ ಬರಲಿ.

ಹೆಜ್ಜೆ 6: ಈಗ ಸಮಯದ ಮಾತು

ದಕ್ಷಿಣ ಕೊರಿಯಾ 2011ರಲ್ಲಿ ಕಾನೂನನ್ನೇ ತಂದಿತ್ತು: ಹದಿನಾರರ ಒಳಗಿನವರು ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಆಟ ಆಡುವಂತಿಲ್ಲ ಎಂದು. ಮಕ್ಕಳು ಅಪ್ಪ-ಅಮ್ಮನ ಗುರುತಿನ ಸಂಖ್ಯೆ ಹಾಕಿ ಆಡಿದರು. ಹತ್ತು ವರ್ಷ ಕಳೆದ ಮೇಲೆ ಸರ್ಕಾರವೇ ಆ ಕಾನೂನು ಕೈಬಿಟ್ಟಿತು. ಸರ್ಕಾರಕ್ಕೇ ಆಗದ್ದು ಹಾಲ್‌ನ ಗೋಡೆ ಗಡಿಯಾರದಿಂದ ಆದೀತೇ? ಆಟದ ಒಳಗಿನ ಅಳತೆಯಲ್ಲೇ ಮಾತಾಡಿದರೆ ಕೆಲಸ ಸಲೀಸು.

ಮೊದಲ ಹೆಜ್ಜೆಯ ಹಾಳೆ ತೆಗೆಯಿರಿ. ನೂರು ಜನರಲ್ಲಿ ಕೊನೆಗೆ ಒಬ್ಬ ಉಳಿಯುವ ಆಟವಾದರೆ ಒಂದು ಮ್ಯಾಚ್ ಇಪ್ಪತ್ತು ನಿಮಿಷ ದಾಟುವುದುಂಟು. ‘ಮೂವತ್ತು ನಿಮಿಷ ಆಡು’ ಎಂದರೆ ಎರಡನೆಯ ಮ್ಯಾಚ್ ನಡುವೆ ಜಗಳ ಖಂಡಿತ. ‘ಎರಡು ಮ್ಯಾಚ್, ಬೇಗ ಸತ್ತರೂ ಎರಡೇ’ ಎಂದು ಒಪ್ಪಂದ ಮಾಡಿಕೊಳ್ಳಿ. ಊಟಕ್ಕೆ ಅರ್ಧ ಗಂಟೆ ಇರುವಾಗ ಹೊಸ ಮ್ಯಾಚ್ ಶುರುವಾಗಬಾರದು. ಮ್ಯಾಚ್ ಮುಗಿದು ಹೆಸರುಗಳ ಪಟ್ಟಿ ಬರುವ ಆ ಕ್ಷಣದಲ್ಲಿ ಪಕ್ಕ ಹೋಗಿ ನಿಂತರೆ ಕೂಗುವ ಅಗತ್ಯವೇ ಬೀಳದು.

ಮೈನ್‌ಕ್ರಾಫ್ಟ್‌ನಲ್ಲಿ ಒಂದು ಹಗಲು-ರಾತ್ರಿ ಸೇರಿ ನಮ್ಮ 20 ನಿಮಿಷ. ನಮ್ಮ ಮನೆಯ ನಿಯಮ ‘ಎರಡು ದಿನ ಆಡಿ ಏಳು’. ಅಲ್ಲಿ ಹಾಸಿಗೆ ಹಾಕಿ ಮಲಗಿದರೆ ರಾತ್ರಿ ಕ್ಷಣದಲ್ಲಿ ಸರಿದುಹೋಗುತ್ತದೆ. ನಿಯಮ ಬಂದ ಮೂರನೆಯ ದಿನಕ್ಕೇ ಮಗ ಮಲಗುವುದನ್ನು ಬಿಟ್ಟ. ರಾತ್ರಿಯಿಡೀ ನೆಲದೊಳಗೆ ಗಣಿ ತೋಡುತ್ತಾನೆ, ತನ್ನ ನಲವತ್ತು ನಿಮಿಷದಲ್ಲಿ ಒಂದು ಸೆಕೆಂಡೂ ಪೋಲಾಗದ ಹಾಗೆ. ನಾನು ಅದಕ್ಕೆ ಆಕ್ಷೇಪ ಎತ್ತಿಲ್ಲ.

ಗಟ್ಟಿಯಾಗಿ ಹಿಡಿಯಬೇಕಾದ ಗೆರೆ ಒಂದಿದೆ, ನಿದ್ದೆ. ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಮಲಗುವ ಒಂದು ಗಂಟೆ ಮೊದಲೇ ಆಟ ನಿಲ್ಲಲಿ; ಬೆಳಕಿಗಿಂತಲೂ ಸೋಲು-ಗೆಲುವಿನ ಉದ್ವೇಗ ಇಳಿಯುವುದಕ್ಕೆ ಅಷ್ಟು ಹೊತ್ತು ಬೇಕು. ಸಾಧನ ಮಲಗುವ ಕೋಣೆಯಲ್ಲಿ ಇರಬಾರದು, ಚಾರ್ಜಿಂಗ್ ಹೊರಗೆ ಹಾಲ್‌ನಲ್ಲಿ. ಈ ನಿಯಮ ಅಪ್ಪ-ಅಮ್ಮನಿಗೂ ಅನ್ವಯ ಆದರೆ ಮಾತ್ರ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಮೊದಲ ವಾರವೇ ಸಿಕ್ಕಿಬಿದ್ದವನು ನಾನು.

ಉಳಿದ ಗಂಟೆಗಳ ವಿಷಯದಲ್ಲಿ ನಾನು ನೋಡುವುದು ಆಟ ಯಾವುದರ ಜಾಗವನ್ನು ತಿಂದಿತು ಎಂಬುದನ್ನು. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯಾಗುವಂತೆ ಓಡಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಿದ್ದೆ, ಓಡಾಟ, ಓದು, ಮನೆಯವರೊಡನೆ ಮಾತು ಇವೆಲ್ಲ ಆಗಿ ಮಳೆಯ ಭಾನುವಾರ ಎರಡು ಗಂಟೆ ಆಡಿದರೆ ಆಡಲಿ. ಇವುಗಳಲ್ಲಿ ಒಂದನ್ನು ಕಬಳಿಸಿ ಅರ್ಧ ಗಂಟೆ ಆಡಿದರೂ ಅದು ಹೆಚ್ಚೇ.

ಹೆಜ್ಜೆ 7: ಕಣ್ಣು, ಕಿವಿ, ಬೆರಳು

ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ಏನನ್ನಾದರೂ ಇಪ್ಪತ್ತು ಸೆಕೆಂಡು ನೋಡಿಸಿ. ದಿನಕ್ಕೆ ಎರಡು ಗಂಟೆ ಬಯಲಿನ ಬೆಳಕಿನಲ್ಲಿ ಇರುವ ಮಕ್ಕಳಿಗೆ ಸಮೀಪದೃಷ್ಟಿ ಬರುವ ಸಾಧ್ಯತೆ ಕಡಿಮೆ. ಪರದೆ ಚಿಕ್ಕದಾದಷ್ಟೂ ಮಗು ಅದನ್ನು ಕಣ್ಣಿಗೆ ಹತ್ತಿರ ಹಿಡಿಯುತ್ತದೆ, ಆದ್ದರಿಂದ ಫೋನಿಗಿಂತ ಟಿವಿ ವಾಸಿ. ಹೆಡ್‌ಫೋನ್ ಹಾಕಿದ್ದಾಗ ನೀವು ತೋಳಿನಳತೆ ದೂರದಿಂದ ಮಾತಾಡಿದ್ದು ಕೇಳದಿದ್ದರೆ ಸದ್ದು ಹೆಚ್ಚಾಗಿದೆ ಎಂದರ್ಥ. ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನಲ್ಲಿ ನೋವು ಎಂದರೆ ಕೆಲವು ದಿನ ಪೂರ್ತಿ ವಿಶ್ರಾಂತಿ.

ಮಗುವಿಗೆ ಅಥವಾ ಮನೆತನದಲ್ಲಿ ಯಾರಿಗಾದರೂ ಮೂರ್ಛೆರೋಗ ಇದ್ದರೆ ಆಟ ಕೊಡುವ ಮೊದಲು ವೈದ್ಯರನ್ನು ಕೇಳಿ. ಜಪಾನಿನಲ್ಲಿ ಡಿಸೆಂಬರ್ 1997ರಲ್ಲಿ ಟಿವಿ ಕಾರ್ಟೂನ್ ಒಂದರ ಕೆಂಪು-ನೀಲಿ ಮಿಂಚು ನೋಡಿ 600ಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದ್ದರು. ಆಟದ ಆರಂಭದಲ್ಲಿ ಬರುವ, ಎಲ್ಲರೂ ಓದದೆ ದಾಟಿಸುವ ಎಚ್ಚರಿಕೆ ಇಂಥದ್ದಕ್ಕೇ ಇರುವುದು.

ಹೆಜ್ಜೆ 8: ಕೈ ಮೀರುತ್ತಿದೆ ಅನ್ನಿಸಿದಾಗ

ಹೊಸ ಆಟ ಬಂದ ವಾರ ಮಗು ಅದರ ಗುಂಗಿನಲ್ಲೇ ಇದ್ದರೆ ಅದು ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ಪಟ್ಟಿ ಜನವರಿ 2022ರಿಂದ ಜಾರಿಯಲ್ಲಿದೆ, ಅದರಲ್ಲಿ ‘ಗೇಮಿಂಗ್ ಡಿಸಾರ್ಡರ್’ ಕೂಡ ಸೇರಿದೆ. ಅದರ ಲಕ್ಷಣ ಮೂರು. ಆಟದ ಮೇಲೆ ಹಿಡಿತ ತಪ್ಪಿರಬೇಕು, ಬದುಕಿನ ಉಳಿದೆಲ್ಲಕ್ಕಿಂತ ಆಟವೇ ಮುಂದಾಗಿರಬೇಕು, ಹಾನಿಯಾಗುತ್ತಿದ್ದರೂ ಆಟ ಮುಂದುವರಿಯುತ್ತಿರಬೇಕು. ಸಾಮಾನ್ಯವಾಗಿ ಇದು ಹನ್ನೆರಡು ತಿಂಗಳು ಕಂಡಿರಬೇಕು. ತೀವ್ರವಾಗಿದ್ದರೆ ಅದಕ್ಕೂ ಮೊದಲೇ ವೈದ್ಯರು ತೀರ್ಮಾನಿಸಬಹುದು. ಆಡುವ ಮಕ್ಕಳಲ್ಲಿ ಈ ಹಂತ ಮುಟ್ಟುವವರು ಕಡಿಮೆ.

ಅಷ್ಟರವರೆಗೆ ಕಾಯಬೇಕೆಂದೇನೂ ಇಲ್ಲ. ರಾತ್ರಿ ಕದ್ದು ಆಡುವುದು, ಆಟಕ್ಕಾಗಿ ಸುಳ್ಳು ಅಥವಾ ಕಳ್ಳತನ, ಮೊದಲು ಇಷ್ಟವಾಗಿದ್ದ ಎಲ್ಲವನ್ನೂ ಬಿಟ್ಟಿರುವುದು, ಶಾಲೆಗೆ ಹೋಗಲು ಒಲ್ಲೆನ್ನುವುದು, ಇವು ಎರಡು-ಮೂರು ವಾರ ಮುಂದುವರಿದರೆ ಕುಳಿತು ಮಾತಾಡುವ ಕಾಲ ಬಂದಿದೆ. ‘ಯಾಕೆ ಅಷ್ಟು ಆಡ್ತೀಯ’ ಎಂದು ಶುರು ಮಾಡಿದರೆ ಬಾಯಿ ಮುಚ್ಚಿಕೊಳ್ಳುತ್ತಾರೆ. ‘ಶಾಲೆಯಲ್ಲಿ ಈಗ ಯಾರ ಜೊತೆ ಕೂತು ಊಟ ಮಾಡ್ತೀಯ?’ ಎಂದು ಕೇಳಿ ನೋಡಿ. ನನಗೆ ಗೊತ್ತಿರುವ ಒಬ್ಬ ಹುಡುಗಿ ರಾತ್ರಿ ಎರಡರವರೆಗೆ ಆಡುತ್ತಿದ್ದಳು. ತರಗತಿಯಲ್ಲಿ ಅವಳನ್ನು ಎಲ್ಲರೂ ಹೊರಗಿಟ್ಟಿದ್ದರು, ಹೆಸರು ಹಿಡಿದು ಪ್ರೀತಿಯಿಂದ ಕರೆಯುವವರು ಆಟದಲ್ಲಿ ಮಾತ್ರ ಇದ್ದರು. ಅವಳಿಗೆ ಆಟ ಬಿಡಿಸಿದ್ದರೆ ಇದ್ದ ಒಂದು ಆಸರೆಯೂ ಹೋಗುತ್ತಿತ್ತು. ಅವಳ ತಾಯಿ ಮೊದಲು ಶಾಲೆಗೆ ಹೋಗಿ ಟೀಚರ್ ಜೊತೆ ಮಾತಾಡಿದರು, ಆಟದ ಹೊತ್ತನ್ನು ವಾರಕ್ಕೆ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಎಳೆದರು. ತಿಂಗಳುಗಳೇ ಹಿಡಿದವು.

ಒಂದೇ ದಿನಕ್ಕೆ ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕುವುದು ಬೇಡ. ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋದರೆ, ಮಗು ತನಗೇ ಏನಾದರೂ ಮಾಡಿಕೊಳ್ಳುವ ಮಾತಾಡಿದರೆ ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ. ಉಳಿದ ಸಂದರ್ಭಗಳಲ್ಲಿ ಮಕ್ಕಳ ವೈದ್ಯರಿಂದ ಶುರು ಮಾಡಿ, ಅವರು ಹೇಳಿದರೆ ಮಕ್ಕಳ ಮನೋವೈದ್ಯರಲ್ಲಿಗೆ ಹೋಗಿ. ಹೋಗುವಾಗ ಮೊದಲ ವಾರದ ಹಾಳೆ, ಎರಡು ವಾರದ ಮಲಗುವ-ಏಳುವ ವೇಳೆ, ಫೋನಿನಲ್ಲಿ ದಾಖಲಾದ ಆಟದ ಗಂಟೆಗಳು ಜೊತೆಗಿರಲಿ. ಮಗುವನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ನೀವಷ್ಟೇ ಒಳಗೆ ದೂರು ಹೇಳಬೇಡಿ. ಯಾವ ಆಟ, ಅದರಲ್ಲಿ ತನಗೆ ಏನು ಇಷ್ಟ ಎಂಬುದನ್ನು ಮೊದಲು ಮಗುವೇ ಹೇಳಲಿ.